ಕಾವಾ ಆರುವುದರೊಳಗೆ ಕರೆದ ಊರು

ಸುತಾನ್ ಮಂತಾರಿ ಕಾಫಿ ಎಲೆ ಕುದಿಸಿದ, ಹೊಗೆಯಾಡುವ ಕಾವಾವನ್ನು ತೆಂಗಿನ ಚಿಪ್ಪಿನಲ್ಲಿ ಹಾಗೇ ಬಿಟ್ಟು ಎದ್ದವನು, ಪಾಯಕುಂಬುಹ್ ಪಟ್ಟಣದ ಒಂದು ಮನೆಯನ್ನೂ ಬಿಡದೆ ಸುತ್ತಿ, ವೀಳ್ಯ ಕೊಟ್ಟು, ಸಾಹಿತ್ಯ ಉತ್ಸವಕ್ಕೆ ಎಲ್ಲರನ್ನೂ ಕರೆದು, ವಾಪಸು ಬಂದು ಅದೇ ಕಾವಾ ಬಾಯಿಗಿಟ್ಟಾಗ ತುಟಿ ಸುಟ್ಟಿತಂತೆ. ಬಾಗಿಲಲ್ಲಿ ನಿಂತು ಕೂಗಿ ಹೋದದ್ದಲ್ಲ. ಪ್ರತಿ ಮನೆಯಲ್ಲೂ ಚಾಪೆಯ ಮೇಲೆ ಕೂತ, ಅಜ್ಜಿಯರ ಮೊಣಕಾಲು ನೋವು ವಿಚಾರಿಸಿದ, ಮೆಡಾನಿಗೆ ದುಡಿಯಲು ಹೋದ ಮಕ್ಕಳ ಕ್ಷೇಮ ಕೇಳಿದ, ಒಂದೆರಡು ಕಡೆ ಗಂಡಹೆಂಡಿರ ಜಗಳವನ್ನೂ ಬಿಡಿಸಿದ. ಹೊಳೆಯ ಸೇತುವೆಗೆ ಅಡ್ಡ ನಿಂತಿದ್ದ ಎಮ್ಮೆಗೂ ಒಂದು ಎಲೆ ಕೊಟ್ಟ. ಅದು ನಿಧಾನವಾಗಿ ಅಗಿದು, ಎಷ್ಟು ಹೊತ್ತಿಗೆ ಬರಬೇಕು ಎಂಬಂತೆ ತಲೆಯೆತ್ತಿತು. ಕೊನೆಗೆ ಸಾಗೋ ಬೆಟ್ಟ ತಾನೂ ಬರಲೇ ಎಂದು ಕೇಳಿತಂತೆ. ಬೇಡಪ್ಪ, ನೀನು ಬಂದು ಕೂತರೆ ಹಿಂದಿನವರಿಗೆ ವೇದಿಕೆ ಕಾಣಿಸುವುದಿಲ್ಲ ಎಂದು ಇವನೇ ಕೈಮುಗಿದು ತಡೆದ.

ನಮ್ಮ ಕಡೆ ಕಥೆ ಹೇಳುವವರು ಶುರು ಮಾಡುವ ಮೊದಲು ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತಾರೆ: ಕಥೆ ಊರಿನದು, ನಾನು ಬರೀ ಹೊತ್ತು ತಂದವನು, ಇದರಲ್ಲಿ ಸುಳ್ಳಿದ್ದರೆ ಅದು ಹಿಂದೆ ಹೇಳಿದವರ ಗಂಟು, ನನ್ನದಲ್ಲ. ನಾನೂ ಅದನ್ನೇ ಹೇಳಿ ಮುಂದೆ ಹೋಗುತ್ತೇನೆ. ಮೇಲಿನದೆಲ್ಲ ಉನಿ ಗುಸ್ನಾಳ ಲಪಾವಿನಲ್ಲಿ, ಎಂದರೆ ಅವಳ ಕಾವಾ ಅಂಗಡಿಯ ಬೆಂಚಿನ ಮೇಲೆ ಕೂತು, ಸುತಾನ್ ಮಂತಾರಿಯೇ ಎಲ್ಲರೆದುರು ಹೇಳಿದ್ದು.

ಮಂತಾರಿ ಸಾಮಾನ್ಯ ಆಸಾಮಿಯಲ್ಲ. ರಾತ್ರಿಯಿಡೀ ಕಥೆ ಹಾಡಿ ಹೇಳುವ ಕಸುಬಿನಲ್ಲಿ ಅವನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟಬೇಕೆಂದಿದ್ದವನೂ ಇವನ ದನಿ ಕೇಳಿ ಹೊಟ್ಟೆಯೊಳಗೇ ಉಳಿದುಕೊಂಡ. ನಿವೃತ್ತ ಹೆಡ್‌ಮಾಸ್ತರು ಪಾಕ್ ಎರಿಜಾಲ್ ಜೊತೆ ಸೇರಿ ಊರಿನ ಸಾಹಿತ್ಯ ಉತ್ಸವ ಶುರು ಮಾಡಿದವನೂ ಇವನೇ. ಅಂದಿನಿಂದ ಪ್ರತಿ ವರ್ಷದ ವಿಷಯ ಆರಿಸುವವನು ಇವನು, ಯಾವ ಬರಹಗಾರರನ್ನು ಕರೆಸಬೇಕೆಂದು ತೀರ್ಮಾನಿಸುವವನು ಇವನು, ಮೊದಲ ದಿನ ವೇದಿಕೆಯ ಮೇಲೆ ಕೆಂಪು ದಿಂಬಿನ ಮೇಲೆ ಕೂತು ಮೊದಲ ಮಾತು ಆಡುವವನೂ ಇವನೇ. ವಿಷಯ 'ನದಿ' ಎಂದಿದ್ದ ವರ್ಷ ಹೊಳೆ ತಾನಾಗಿ ಮೆಟ್ಟಿಲು ಹತ್ತಿ ಬಂದು ಕೇಳಿತ್ತು. 'ಅನ್ನ' ಎಂದಿದ್ದ ವರ್ಷ ಗದ್ದೆಯ ತೆನೆಗಳು ತಮ್ಮ ಬಗ್ಗೆ ಇಷ್ಟೊಂದು ಮಾತಾಡುತ್ತಾರಲ್ಲ ಎಂದು ನಾಚಿ ಕೆಂಪಾಗಿದ್ದವು.

ಅಂಗಳ ತುಂಬುತ್ತಿತ್ತು, ಅದು ಮಾತ್ರ ಉತ್ಪ್ರೇಕ್ಷೆಯಲ್ಲ. ಯಾಕೆ ತುಂಬುತ್ತಿತ್ತು ಎನ್ನುವುದೂ ಮಂತಾರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಜನ ಗೋಡೆಗೆ ಅಂಟಿಸಿದ ಪೋಸ್ಟರ್ ಓದುತ್ತಾರೆ, ಬರುವುದಿಲ್ಲ. ಮೊಬೈಲಿಗೆ ಆಹ್ವಾನ ಕಳಿಸಿದರೆ ಬದಲಿಗೊಂದು ಗುಲಾಬಿ ಹೂವು ಕಳಿಸುತ್ತಾರೆ, ಬರುವುದಿಲ್ಲ. ಒಬ್ಬರು ಮನೆಗೆ ಬರಬೇಕು, ಕೂರಬೇಕು, ಎಲೆ ಅಡಿಕೆ ಮುಂದಿಡಬೇಕು, ಆಮೇಲೆ ಕರೆಯಬೇಕು. ಹಾಗೆ ಕರೆದರೆ ಜ್ವರವಿದ್ದರೂ ಕಂಬಳಿ ಹೊದ್ದು ಬರುತ್ತಾರೆ. ಕರೆಯದಿದ್ದರೆ ಪಕ್ಕದ ಅಂಗಳದಲ್ಲೇ ನಡೆಯುತ್ತಿದ್ದರೂ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ. ಮಂತಾರಿ ಪ್ರತಿ ವರ್ಷ ಎಲೆಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದ. ಹೊರಗಿನಿಂದ ಬಂದ ಬರಹಗಾರರು ತುಂಬಿದ ಚಾಪೆಗಳನ್ನು ನೋಡಿ, "ಎಂಥ ಸಾಹಿತ್ಯದ ಊರು!" ಎನ್ನುತ್ತಿದ್ದರು. ಮಂತಾರಿಯ ಕಿವಿಗೆ ಅದು "ಎಂಥ ಮಂತಾರಿ!" ಎಂದೇ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಪಾಕ್ ಎರಿಜಾಲ್ ಕನ್ನಡಕ ಒರೆಸಿಕೊಳ್ಳುತ್ತಾ ಶುರು ಮಾಡಿದರು.

"ಮಂತಾರಿ, ಈ ಸಲ ಅತಿಥಿ ಕ್ಯುರೇಟರ್ ಒಬ್ಬರನ್ನ ಕರೆಸೋಣ ಅಂತ ಸಮಿತಿ ಮಾತಾಡ್ಕೊಂಡಿದೆ."

"ಅತಿಥಿ ಅಂದ್ರೆ ಉಂಡು ಹೋಗೋರು. ಕೆಲಸ ಯಾರು ಮಾಡ್ತಾರೆ?"

"ಅವರೇ ಮಾಡ್ತಾರೆ. ವಿಷಯ ಅವರದ್ದು, ಬರಹಗಾರರ ಆಯ್ಕೆ ಅವರದ್ದು. ಎಲ್ಲಾ ಕಡೆ ಈಗ ಹಂಗೇ ಅಲ್ವಾ? ಪ್ರತಿ ವರ್ಷ ಹೊಸಬರು."

"ನಾನಿರೋವಾಗ ಹೊಸಬರು ಯಾಕೆ?"

"ನೀನು ಇದ್ದೇ ಇರ್ತೀಯಲ್ಲ, ಅದಕ್ಕೇ."

"ಯಾರು ಆ ಮಹಾನುಭಾವರು?"

ಪಾಕ್ ಎರಿಜಾಲ್ ಮಗುವಿಗೆ ಮಿಠಾಯಿ ಕೊಡುವವರಂತೆ ನಕ್ಕರು. "ನಿನ್ನ ಅಕ್ಕನ ಮಗಳು ಸಿಲ್ಫಾ."

ನಮ್ಮಲ್ಲಿ ಅಕ್ಕನ ಮಕ್ಕಳ ಮಾನ ಎಂದರೆ ಮಾಮಾಕ್‌ನ ಮಾನ. ಅವರು ಗೆದ್ದರೆ ಸೋದರಮಾವ ಎದೆಯುಬ್ಬಿಸಿ ಊರಿಗೆಲ್ಲ ಸಿಹಿ ಹಂಚಬೇಕು. ಮಂತಾರಿ ಎದೆಯುಬ್ಬಿಸಿದ. ಗಲಾಮಾಯ್ ಕೂಡ ಹಂಚಿದ. ಆದರೆ ಹೊಟ್ಟೆಯಲ್ಲಿ ಎದ್ದ ಕಿಚ್ಚಿನಲ್ಲಿ ಊರಿನ ಅಷ್ಟೂ ಮದುವೆಗಳ ರೆಂದಾಂಗ್ ಮಾಂಸ ಬೇಯಿಸಬಹುದಿತ್ತು, ಸೌದೆಯ ಖರ್ಚಿಲ್ಲದೆ.

ಲಪಾವಿನಲ್ಲಿ ಅವನ ಡಾಮಿನೋ ಜೊತೆಗಾರ ಪಿಯಾನ್ ಸುಮ್ಮನಿರುವ ಪೈಕಿಯಲ್ಲ.

"ಏನೋ ಮಂತಾರಿ, ನಮ್ಮಲ್ಲಿ ಮನೆ ಹೆಂಡತೀದು, ಅಲ್ಲಿ ಇಷ್ಟು ವರ್ಷದಿಂದ ನೀನು ಅತಿಥಿ. ಉತ್ಸವ ಒಂದಾದ್ರೂ ನಿನ್ನ ಸ್ವಂತದ್ದಿತ್ತು. ಈಗ ಅಲ್ಲಿಗೂ ಅತಿಥಿ ಬಂದ್ರು."

"ನಾನೇ ಕಳಿಸಿದ್ದು ಕಣೋ ಅವಳನ್ನ. ಸಮಿತಿಯವ್ರ ಕಿವೀಲಿ ಅವಳ ಹೆಸರು ಊದಿದ್ದು ಯಾರು ಅಂದ್ಕೊಂಡೆ?"

"ಹೌದಾ? ಮೂತಿ ನೋಡಿದ್ರೆ ಮೆಣಸಿನಕಾಯಿ ಊದಿದ ಹಂಗಿದೆ."

ಉನಿ ಗುಸ್ನಾ ಒಲೆಯ ಮುಂದಿನಿಂದಲೇ ನಕ್ಕಳು. ಮಂತಾರಿ ಡಾಮಿನೋ ಕಲ್ಲನ್ನು ಎಷ್ಟು ಜೋರಾಗಿ ಕುಕ್ಕಿದನೆಂದರೆ ಪಕ್ಕದ ಬೀದಿಯಲ್ಲಿ ಒಂದು ಕೋಳಿ ಹೊತ್ತಿಗೆ ಮೊದಲೇ ಮೊಟ್ಟೆಯಿಟ್ಟಿತು.

ಸಿಲ್ಫಾ ಜಕಾರ್ತಾದಿಂದ ಬಂದಳು. ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮನ ಜೊತೆ ಊರು ಬಿಟ್ಟವಳು, ಈಗ ಒಂದು ಪ್ರಕಾಶನದಲ್ಲಿ ಬೇರೆಯವರ ಪುಸ್ತಕ ತಿದ್ದುವ ಕೆಲಸ. ಬಂದವಳು ಮೊದಲು ಹೋದದ್ದು ಮಂತಾರಿಯ ಬಳಿಗೇ, ಕೈ ಹಿಡಿದು ಹಣೆಗೊತ್ತಿಕೊಂಡಳು. ಎಲ್ಲವೂ ಸರಿಯಾಗಿತ್ತು. ಸರಿಯಾಗಿತ್ತೆಂಬುದೇ ಅವನಿಗೆ ಸಹಿಸಲಾಗಲಿಲ್ಲ.

"ಮಾಮಾಕ್, ಈ ಸಲದ ವಿಷಯ 'ಸುಳ್ಳು' ಅಂತ ಇಟ್ಟಿದೀನಿ."

"ಸುಳ್ಳಾ?" ಮಂತಾರಿ ಹುಬ್ಬು ಹಾರಿಸಿದ. "ನಾನು ನದಿ ಇಟ್ಟಿದ್ದೆ, ಅನ್ನ ಇಟ್ಟಿದ್ದೆ, ತಾಯಿ ಇಟ್ಟಿದ್ದೆ. ಮುಂದಿನ ವರ್ಷ ಏನು, ಕಳ್ಳತನ ಇಡ್ತಾರಾ?"

ಅವಳು ನಕ್ಕಳು. "ನಾವು ಊರು ಬಿಟ್ಟ ದಿನ ನೆನಪಿದೆಯಾ ಮಾಮಾಕ್? ನಾನು ಬಸ್ಸಲ್ಲಿ ಕೂತು ಅಳ್ತಾ ಇದ್ದೆ. ನೀವು ಕಿಟಕಿ ಹತ್ರ ಬಂದು, ಅಳ್ಬೇಡ, ಸಾಗೋ ಬೆಟ್ಟಾನ ನಮ್ಮ ಅಂಗಳದ ಕಂಬಕ್ಕೆ ಹಗ್ಗ ಹಾಕಿ ಕಟ್ಟಿದೀನಿ, ನೀನು ವಾಪಸ್ ಬರೋವರ್ಗೂ ಎಲ್ಲೂ ಹೋಗಲ್ಲ ಅಂದ್ರಿ. ನಾನು ಅದನ್ನ ಜಕಾರ್ತಾ ಶಾಲೇಲಿ ಹೇಳಿ ಎಲ್ಲರ ಹತ್ರ ನಗಿಸ್ಕೊಂಡೆ. ಆದ್ರೂ ನಂಬೋದು ಬಿಡ್ಲಿಲ್ಲ. ಈ ವಿಷಯ ಹುಟ್ಟಿದ್ದೇ ಆ ಹಗ್ಗದಿಂದ. ಉತ್ಸವದ ಪುಸ್ತಕದ ಮೊದಲ ಪುಟದಲ್ಲಿ ಅದನ್ನೇ ಬರೆದಿದೀನಿ."

ಬೇರೆ ಯಾರಾದರೂ ಆಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಂತಾರಿಗೆ ಕಣ್ಣು ಕೆಂಪಾಯಿತು. ಅವಳು ಹೋದ ಮೇಲೆ ಹೆಂಡತಿ ದೆಸ್ಮಾಳ ಮುಂದೆ ಕುದಿದ.

"ನೋಡಿದ್ಯಾ? ನನ್ನನ್ನ ಸುಳ್ಳುಗಾರ ಅಂತ ಅಚ್ಚು ಹಾಕ್ಸಿ ಲೋಕಕ್ಕೆಲ್ಲ ಹಂಚ್ತಿದಾಳೆ."

"ಊರಿಗೆ ಗೊತ್ತಿರೋದನ್ನ ಲೋಕಕ್ಕೆ ಹೇಳಿದ್ರೆ ತಪ್ಪೇನು ಉದಾ?" ಎಂದು, ಗಂಡನನ್ನು ಯಾವಾಗಲೂ ಉದಾ ಎಂದೇ ಕರೆಯುವ ದೆಸ್ಮಾ ಮೀನು ತೊಳೆಯುವುದನ್ನು ಮುಂದುವರಿಸಿದಳು.

ಮಾರನೆಯ ದಿನ ಉತ್ಸವದ ಅಂಗಳಕ್ಕೆ ಹೋದರೆ ಅಲ್ಲಿ ಇನ್ನೂ ಅನ್ಯಾಯ. ಪಾಕ್ ಎರಿಜಾಲ್ ಚಹಾ ಬಗ್ಗಿಸಿದ್ದು ಮೊದಲು ಅವಳಿಗೆ. ಅವಳ ಕೊರಳಲ್ಲಿ ನೇತಾಡುವ ಬಿಲ್ಲೆಯಲ್ಲಿ 'ಅತಿಥಿ ಕ್ಯುರೇಟರ್' ಎಂದಿತ್ತು. ಮಂತಾರಿಗೆ ಕೊಟ್ಟದ್ದರಲ್ಲಿ 'ಕಲಾವಿದ' ಎಂದಿತ್ತು, ಪರದೆ ಕಟ್ಟುವವನ ಬಿಲ್ಲೆಯಲ್ಲೂ ಅದೇ ಅಳತೆಯ ಅಕ್ಷರ. ಮಂತಾರಿ ಅದನ್ನು ತಿರುವಿ ಹಾಕಿಕೊಂಡ, ಖಾಲಿ ಬದಿ ಹೊರಗೆ ಕಾಣುವ ಹಾಗೆ.

"ನನ್ನ ಕಥೆ ಮೊದಲ ದಿನ ತಾನೇ? ಶುರುವಿಗೇ?" ಎಂದು, ಗೊತ್ತಿಲ್ಲದವನಂತೆ ಕೇಳಿದ.

"ಇಲ್ಲ ಮಾಮಾಕ್, ಎರಡನೇ ದಿನ, ಮಧ್ಯಾಹ್ನದ ಊಟ ಆದ್ಮೇಲೆ. ಆಗ ಎಲ್ಲರಿಗೂ ನಿದ್ದೆ ಎಳೆಯುತ್ತೆ. ಆ ಹೊತ್ತಲ್ಲಿ ಜನಾನ ಎಚ್ಚರ ಇಡೋ ತಾಕತ್ತು ನಿಮ್ಮೊಬ್ಬರಿಗೇ ಇರೋದು."

ಅವಳು ಮನಸಾರೆ ಹೇಳಿದಳು. ಅವನಿಗೆ ಕೇಳಿಸಿದ್ದು ಇಷ್ಟು: ಜನ ಗೊರಕೆ ಹೊಡೆಯುವ ಹೊತ್ತು ನಿನಗೆ.

"ಹಾಗಾದ್ರೆ ಶುರುವಿಗೆ ಯಾರು? ಮಂತ್ರಿಗಳಾ?"

"ಯಾರೂ ಇಲ್ಲ. ಭಾಷಣಾನೇ ಇಲ್ಲ. ನಮ್ಮತ್ತೆ ದೆಸ್ಮಾ ಎತೆಕ್ ಮುಂದೆ, ಅವರ ಹಿಂದೆ ಊರಿನ ಹೆಂಗಸರು, ತಲೆ ಮೇಲೆ ಅಡುಗೆ ತಟ್ಟೆ ಹೊತ್ಕೊಂಡು ಸಾಲಾಗಿ ಬರ್ತಾರೆ. ಹಿರಿಯರು ಚಾಪೆ ಮೇಲೆ ಕೂರ್ತಾರೆ. ಬರಹಗಾರರೂ ಅವರ ಎದುರಿಗೆ ಕೆಳಗೇ ಕೂರ್ತಾರೆ. ಎಲ್ಲಾರೂ ಒಟ್ಟಿಗೆ ಉಣ್ತಾರೆ. ಉಂಡಾದ್ಮೇಲೆ ಮಾತು ತಾನೇ ಹುಟ್ಟುತ್ತೆ." ಹೇಳುತ್ತಾ ಅವಳು ಹುಲ್ಲಿನಲ್ಲಿ ಹೆಣೆದ ಒಂದು ಚೀಲವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಒಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು. "ಊರನ್ನ ಕರೆಯೋದು ಮಾಮಾಕ್ ಕೆಲಸ, ನೀನು ಮೊಬೈಲಲ್ಲಿ ಕರೆದು ನಗೆಪಾಟಲಾಗ್ಬೇಡ ಅಂತ ಅಮ್ಮ ಹೇಳಿ ಕಳಿಸಿದಾಳೆ. ನೀವು ಕರೀತೀರಲ್ವಾ? ನೀವು ಕರೆದ್ರೆ ಬಾರದೇ ಇರೋರು ಯಾರಿದಾರೆ?"

"ಕರೆಯೋದಾ? ನಾನು ಕೆಮ್ಮಿದ್ರೂ ಸಾಕು, ಅರ್ಧ ಊರು ಬಂದು ನಿಂತಿರುತ್ತೆ," ಎಂದ ಮಂತಾರಿ. ಚೀಲ ಹೆಗಲಿಗೇರಿತು.

ಅವನು ನಿಜವಾಗಿಯೂ ಕರೆಯಲು ಹೊರಟ, ಅದನ್ನು ಒಪ್ಪಿಕೊಳ್ಳಬೇಕು. ಉನಿ ಗುಸ್ನಾಳ ಲಪಾವಿನಲ್ಲಿ ಕಾವಾ ಹೇಳಿ, ಅದು ಬಂದು ಮುಂದೆ ಕೂತಾಗ, "ಇರು, ಈ ಬೀದಿ ಮುಗಿಸ್ಕೊಂಡು ಬಂದೆ," ಎಂದು ಎದ್ದ. ಬೀದಿಯ ಮೊದಲ ಮನೆಯ ಬೇಲಿಯ ತನಕ ಹೋದ. ಆ ಬೇಲಿಯ ಮೇಲೆ ಪೋಸ್ಟರ್ ಇತ್ತು. ಎಷ್ಟು ದೊಡ್ಡದು! ಅದನ್ನು ಹಾಸಿದರೆ ಭತ್ತ ಒಣಗಿಸಬಹುದು, ಮಡಚಿ ಹೊಲಿದರೆ ಎರಡು ದೋಣಿಗೆ ಪಟ ಆಗುತ್ತದೆ. ಮೇಲೆ 'ಸುಳ್ಳು'. ಅದರ ಕೆಳಗೆ, ಪ್ರತಿ ವರ್ಷ ಅವನ ಹೆಸರು ಬರುತ್ತಿದ್ದ ಜಾಗದಲ್ಲಿ, ಅವಳ ಹೆಸರು.

ಮನೆಯ ಮುದುಕಿ ಜಗಲಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದವಳು ತಲೆಯೆತ್ತಿದಳು. "ಓ ಮಂತಾರಿ! ನಿನ್ನ ಅಕ್ಕನ ಮಗಳು ಪುಸ್ತಕದಲ್ಲಿ ಏನು ಚೆಂದ ಬರೆದವಳೋ! ಮೊಮ್ಮಗಳು ಓದಿ ಹೇಳಿದ್ಲು. ಬೆಟ್ಟಕ್ಕೆ ಹಗ್ಗವಂತೆ! ಅಲ್ಲಪ್ಪ, ಇಂಥ ಬುದ್ಧಿ ನಿಂಗೆ ಇಷ್ಟು ವರ್ಷ ಯಾಕೆ ಹೊಳೀಲಿಲ್ಲ?"

ಹಗ್ಗ ಕಟ್ಟಿದವನು ತಾನು. ಹೊಗಳಿಕೆ ಅವಳಿಗೆ. ಮಂತಾರಿಯ ಕೈ ಚೀಲದ ಬಾಯಿಯ ಮೇಲಿತ್ತು, ಎಲೆ ತೆಗೆದು ಜಗಲಿಯ ಮೇಲೆ ಇಡುವುದೊಂದೇ ಬಾಕಿ. ಕೈ ಅಲ್ಲಿಂದ ಮೇಲೆದ್ದು ಮೂಗು ತುರಿಸಿಕೊಂಡಿತು.

"ಬಿಸಿಲು ಜಾಸ್ತಿ ಅಜ್ಜಿ, ಒಳಗೆ ಹೋಗಿ," ಎಂದು ತಿರುಗಿ ನಡೆದ.

ಲಪಾವಿನಲ್ಲಿ ಕೂತ ಮೇಲೆ ಅವನ ತಲೆಯಲ್ಲಿ ಒಂದು ಚಿತ್ರ ಮೂಡಿತು. ಖಾಲಿ ಚಾಪೆಗಳು. ಅವುಗಳ ಮುಂದೆ ಬಿಲ್ಲೆ ನೇತುಹಾಕಿಕೊಂಡ ಅತಿಥಿ ಕ್ಯುರೇಟರ್. ತಲೆ ಕೆರೆದುಕೊಳ್ಳುತ್ತಾ, "ಮಂತಾರಿಯ ಕಾಲದಲ್ಲಿ ಹೀಗಿರಲಿಲ್ಲ," ಎನ್ನುವ ಪಾಕ್ ಎರಿಜಾಲ್. ಯಾರನ್ನೂ ಬೈಯಬೇಕಿಲ್ಲ, ಯಾವುದನ್ನೂ ಮುರಿಯಬೇಕಿಲ್ಲ, ಬರೀ ಇಲ್ಲಿ ಕೂತಿದ್ದರೆ ಸಾಕು. ಇಷ್ಟು ಸುಲಭದ ಕೆಲಸ ಅವನ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

"ಏನು, ಕರೆಯೋದು ಮುಗೀತಾ?" ಪಿಯಾನ್ ಒಳಗೆ ಬರುತ್ತಲೇ ಕೇಳಿದ, ಚೀಲ ನೋಡಿ.

ಎಮ್ಮೆ, ಬೆಟ್ಟ, ಸುಟ್ಟ ತುಟಿ ಎಲ್ಲ ಹೊರಬಿದ್ದದ್ದು ಆಗಲೇ.

"ನಮ್ಮನೆಗೆ ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ವಲ್ಲ?"

"ನಿನ್ನ ಹೆಂಡತಿ ಕೈಗೆ ಕೊಟ್ಟೆ. ಕೇಳು ಹೋಗಿ."

ಪಿಯಾನ್ ಮುಖ ಸಣ್ಣ ಮಾಡಿದ. "ಅವಳು ನನ್ ಜೊತೆ ಮಾತು ಬಿಟ್ಟು ವಾರ ಆಯ್ತು. ಅವಳ ತಮ್ಮನ ಮೋಟಾರು ಸೈಕಲ್ ಗುಂಡಿಗೆ ಬೀಳಿಸಿದ್ನಲ್ಲ. ಈಗ ನಂಗೂ ಒಂದೆಲೆ ಕೊಡು, ಇಲ್ಲೇ."

"ಕಾವಾ ಅಂಗಡೀಲಿ ಎಲೆ ಕೊಟ್ಟು ಕರೆಯೋಕೆ ನಿಂಗೇನು ಮನೆ ಇಲ್ವಾ? ಮಾನ ಇಲ್ವಾ?" ಎಂದು ಮಂತಾರಿ ಗದರಿದ. ಪಿಯಾನ್ ಹೆಂಡತಿ ಜಗಳವಾಡಿದ್ದಕ್ಕೆ ಮಂತಾರಿ ದೇವರಿಗೆ ಧನ್ಯವಾದ ಹೇಳಿದ.

ಸಿಲ್ಫಾ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು, ಅವನು ಸಿಕ್ಕಾಗಲೆಲ್ಲ ಸುಳ್ಳಿಗೆ ಹೊಸ ಅಂಚು ಹೊಲಿಯುತ್ತಿದ್ದ. ಮೇಲಿನ ಬೀದಿಯವರು ಕೋಳಿ ಕೊಯ್ಯುತ್ತಿದ್ದಾರೆ. ಕೆಳಗಿನ ಬೀದಿಯವರು ಜರಿಯ ಸೀರೆಯಂಥ ಮೇಲುಹೊದಿಕೆಗಳನ್ನು ಪೆಟ್ಟಿಗೆಯಿಂದ ತೆಗೆದಿದ್ದಾರೆ. ಹಾಸಿಗೆ ಹಿಡಿದ ಒಬ್ಬ ಮುದುಕ ಎಲೆ ನೋಡಿದ್ದೇ ಎದ್ದು ಕೂತು ಪಾಯಸ ಕೇಳಿದ. ಸಿಲ್ಫಾ ಕಣ್ಣರಳಿಸಿ ಕೇಳುತ್ತಿದ್ದಳು, ಬಸ್ಸಿನ ಕಿಟಕಿಯಲ್ಲಿ ಕೇಳಿದ ಹಾಗೇ. ಹೆಗಲ ಚೀಲದಲ್ಲಿ ಎಲೆಗಳು ಬಾಡುತ್ತಿದ್ದವು. ಮನೆಯಲ್ಲಿ ದೆಸ್ಮಾ ಆ ಚೀಲವನ್ನು ನೋಡುತ್ತಿದ್ದಳು, ಅವನ ಮುಖ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಇವಳಿಗೂ ಗೊತ್ತಾಗಿಲ್ಲ ಎಂದುಕೊಂಡು ಮಂತಾರಿ ನೆಮ್ಮದಿಯಾಗಿ ಉಣ್ಣುತ್ತಿದ್ದ.

ಉತ್ಸವದ ಮೊದಲ ದಿನ ಬೆಳಗಾಯಿತು. ಅಂಗಳದ ತುಂಬ ಚಾಪೆ ಹಾಸಿದ್ದರು. ದೂರದಿಂದ ಬಂದ ಹತ್ತಾರು ಬರಹಗಾರರು ಒಂದು ಬದಿಯಲ್ಲಿ ಕಾಲು ಮಡಚಿ ಕೂತಿದ್ದರು, ಎದುರು ಬದಿಯಲ್ಲಿ ಯಾರೂ ಇರಲಿಲ್ಲ. ತಾಲೆಂಪೊಂಗ್ ಬಾರಿಸುವವರು ಮೆರವಣಿಗೆ ಕಂಡ ಕೂಡಲೆ ಶುರು ಮಾಡಲೆಂದು ಕಂಚಿನ ಬಟ್ಟಲುಗಳ ಮೇಲೆ ಕೋಲು ಹಿಡಿದು ಕಾಯುತ್ತಿದ್ದರು. ಅವರ ತೋಳು ನೋಯತೊಡಗಿದರೂ ರಸ್ತೆಯಲ್ಲಿ ಒಂದು ತಟ್ಟೆಯೂ ಕಾಣಲಿಲ್ಲ.

ಮಂತಾರಿ ಮಾವಿನ ಮರದ ಕೆಳಗೆ ನಿಂತು ಖಾಲಿ ಚಾಪೆಗಳನ್ನು ನೋಡಿದ. ಗಲಾಮಾಯ್ ಬಾಯಲ್ಲಿ ಕರಗಿದಷ್ಟು ಸಿಹಿ. ಪಾಕ್ ಎರಿಜಾಲ್ ತಲೆ ಕೆರೆದುಕೊಳ್ಳುವುದನ್ನೂ ನೋಡಿದ, ಥೇಟು ಅವನ ಮನಸ್ಸಿನ ಚಿತ್ರದ ಹಾಗೇ. ಆದರೆ ಸಿಲ್ಫಾ ಆ ಚಿತ್ರದಲ್ಲಿದ್ದ ಹಾಗೆ ನಡೆದುಕೊಳ್ಳಲಿಲ್ಲ.

"ಶುರು ಮಾಡೋಣಮ್ಮ," ಎಂದರು ಪಾಕ್ ಎರಿಜಾಲ್. "ಇವರೆಲ್ಲ ಹಸ್ಕೊಂಡಿದಾರೆ. ಹೋಟೆಲಿಂದ ಅನ್ನ ತರಿಸ್ತೀನಿ."

"ಬೇಡ ಪಾಕ್. ಬರ್ತಾರೆ. ಮಾಮಾಕ್ ಕರೆದಿದಾರೆ."

"ಬರೋ ಲಕ್ಷಣ ಕಾಣ್ತಿಲ್ಲವಲ್ಲ."

"ಮಾಮಾಕ್ ಪ್ರತಿ ಮನೆಗೂ ಹೋಗಿ ಕರೆದಿದಾರೆ. ಅವರು ಕರೆದ ಮೇಲೆ ಊರು ಬರೋದಕ್ಕೆ ಮುಂಚೆ ನಾವು ಹೋಟೆಲ್ ಅನ್ನ ತಿಂದ್ರೆ ಅವರ ಮುಖಕ್ಕೆ ಏನು ಮರ್ಯಾದೆ?" ಅವಳು ತಿರುಗಿ ನೋಡಿದಳು. "ಅಲ್ವಾ ಮಾಮಾಕ್? ಎಲ್ಲರನ್ನೂ ಕರೆದಿದೀರಲ್ವಾ?"

"ಎಲ್ಲರನ್ನೂ!" ಎಂದ ಮಂತಾರಿ. "ಹೊರಟು ಆಗಿದೆ. ಜನ ಎಷ್ಟು ಅಂದ್ರೆ, ರಸ್ತೆ ಸಾಲ್ದೆ ಒಬ್ಬರ ಹಿಂದೆ ಒಬ್ಬರು ನಿಂತಿರ್ಬೇಕು." ಗಲಾಮಾಯ್ ಗಂಟಲಲ್ಲಿ ಅಂಟಿಕೊಂಡಿತು.

ಒಬ್ಬ ಕವಿ ಎದ್ದು ನೆರಳಿಗೆ ಹೋದ. ಇನ್ನೊಬ್ಬಳು ಗಡಿಯಾರ ನೋಡಿ ಪಕ್ಕದವನಿಗೆ ಏನೋ ಪಿಸುಗುಟ್ಟಿದಳು, ಇಬ್ಬರೂ ಸಿಲ್ಫಾಳ ಕಡೆ ನೋಡಿದರು. ಸಿಲ್ಫಾ ಗೇಟಿನ ಬಳಿ ನಿಂತೇ ಇದ್ದಳು, ಬೆವರಿಗೆ ಅವಳ ಬಿಲ್ಲೆಯ ದಾರ ಕುತ್ತಿಗೆಗೆ ಅಂಟಿತ್ತು. ಕೊನೆಗೆ ಅವಳು ಮಾವಿನ ಮರದ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಮಾಮಾಕ್, ಅವರು ಬರೋ ತನಕ ನೀವು ಕಥೆ ಹೇಳ್ತೀರಾ? ನಿಮ್ಮನ್ನ ಬಿಟ್ರೆ ಯಾರೂ ಈ ಹೊತ್ತನ್ನ ಎತ್ತಿ ಹಿಡಿಯೋಕಾಗಲ್ಲ."

ಎಲಾ! ಮೊದಲ ದಿನ. ಮೊದಲ ಮಾತು. ಯಾರೋ ಕೆಂಪು ದಿಂಬು ತಂದು ವೇದಿಕೆಯ ಮೇಲೆ ಇಟ್ಟರು. ಅವನು ಬಯಸಿದ್ದೆಲ್ಲ ಬಯಸಿದ ಹಾಗೇ ಬಂದು ಕೈಗೆ ಬಿದ್ದಿತ್ತು. ಮಂತಾರಿ ವೇದಿಕೆ ಹತ್ತಿದ. ದಿಂಬಿನ ಮೇಲೆ ಕೂತ. ಆ ದಿಂಬು ಇಷ್ಟು ವರ್ಷ ಮೆತ್ತಗಿತ್ತು, ಇವತ್ತು ಅದರೊಳಗೆ ಯಾರೋ ಹಲಸಿನ ಕಾಯಿ ತುಂಬಿದ್ದರು. ಮೈಕು ಬಾಯಿಯ ಮುಂದೆ ಬಂತು. ಕೆಳಗೆ ಸಿಲ್ಫಾ ಉಸಿರು ಬಿಟ್ಟು, ಕೈಕಟ್ಟಿ, ಇನ್ನು ಚಿಂತೆಯಿಲ್ಲ ಎಂಬಂತೆ ನಿಂತಳು.

"ಕಥೆ ಊರಿನದು," ಎಂದು ಮಂತಾರಿ ರಾಗವಾಗಿ ಎತ್ತಿದ. "ನಾನು ಬರೀ ಹೊತ್ತು ತಂದವನು. ಇದರಲ್ಲಿ ಸುಳ್ಳಿದ್ದರೆ..."

ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ದೆಸ್ಮಾ ಕಾಣಿಸಿದಳು. ತಲೆಯ ಮೇಲೆ ತಟ್ಟೆ ಇರಲಿಲ್ಲ, ಮೈಮೇಲೆ ಜರಿ ಇರಲಿಲ್ಲ. ಮನೆಯಲ್ಲಿ ಉಡುವ ಬಣ್ಣಗೆಟ್ಟ ಬಟ್ಟೆ, ಕೈಯಲ್ಲಿ ಸಂತೆಯಿಂದ ತಂದ ಹರಿವೆ ಸೊಪ್ಪಿನ ಕಟ್ಟು. ಅವಳು ಬೇಲಿಯ ಆಚೆಯೇ ನಿಂತಳು.

"ಎತೆಕ್!" ಸಿಲ್ಫಾ ಓಡಿದಳು. "ಬನ್ನಿ, ಬನ್ನಿ! ತಟ್ಟೆಗಳು ಎಲ್ಲಿ? ಉಳಿದವರು ಹಿಂದೆ ಬರ್ತಿದಾರಾ?"

"ಯಾವ ತಟ್ಟೆ?"

"ಉತ್ಸವದ್ದು ಎತೆಕ್. ಇವತ್ತೇ ಅಲ್ವಾ? ನೀವೇ ಮುಂದಾಳು."

"ಮುಂದಾಳನ್ನ ಕರೆದೋರು ಯಾರು?" ದೆಸ್ಮಾಳ ದನಿಗೆ ಯಾವತ್ತೂ ಮೈಕು ಬೇಕಾಗಿರಲಿಲ್ಲ. "ಕರೀದೆ ನುಗ್ಗೋಕೆ ನಾನೇನು ಬೆಕ್ಕಾ? ಇಡೀ ಬೀದಿ ಮನೇಲಿ ಕೂತು ಅದನ್ನೇ ಮಾತಾಡ್ತಿದೆ. ಜಕಾರ್ತಾದಲ್ಲಿ ಓದಿದ ಹುಡುಗಿಗೆ ನಮ್ಮ ಮನೆ ಬಾಗಿಲು ಕಾಣಿಸ್ಲಿಲ್ಲ, ಗೋಡೆಗೆ ಕಾಗದ ಅಂಟಿಸಿ ಕೈ ತೊಳ್ಕೊಂಡ್ಲು ಅಂತ."

"ಇಲ್ಲ ಎತೆಕ್! ಮಾಮಾಕ್ ಕೈಲಿ ಎಲೆಚೀಲ ಕೊಟ್ಟಿದ್ದೆ. ಅವರು ಎಲ್ಲಾ ಮನೆಗೂ..."

ದೆಸ್ಮಾ ಬೇಲಿಯ ಮೇಲಿಂದ ವೇದಿಕೆಯ ಕಡೆ ನೋಡಿದಳು. ಆಮೇಲೆ ಸಿಲ್ಫಾ ತಿರುಗಿದಳು. ಪಾಕ್ ಎರಿಜಾಲ್ ತಿರುಗಿದರು, ಬರಹಗಾರರು ತಿರುಗಿದರು, ತಾಲೆಂಪೊಂಗ್‌ನವರು ಕೋಲು ಕೆಳಗಿಟ್ಟು ತಿರುಗಿದರು.

"ಉದಾ," ಎಂದಳು ದೆಸ್ಮಾ, "ಆ ಚೀಲ ಕರೆಯೋಕೆ ಕೊಟ್ಟಿದ್ದಾ? ನೀವು ಎಲೆಅಡಿಕೆ ಹಾಕ್ಕೊಳ್ಳೋಕೆ ತಂದಿದ್ದು ಅಂದ್ಕೊಂಡಿದ್ದೆ. ನನ್ನನ್ನೂ ಕರೀಲಿಲ್ಲವಲ್ಲ, ಒಂದೇ ಮನೇಲಿದ್ದು!"

ಚೀಲ ಇನ್ನೂ ಅವನ ಹೆಗಲಲ್ಲೇ ಇತ್ತು. ಮಂತಾರಿ ಜೀವಮಾನದಲ್ಲಿ ಎಂಥೆಂಥ ಇಕ್ಕಟ್ಟುಗಳಿಂದ ಮಾತಿನಲ್ಲೇ ಜಾರಿಕೊಂಡವನು. ಈಗಲೂ ಒಂದೆರಡು ದಾರಿ ಹೊಳೆದವು. ಎಲೆಗಳನ್ನು ಮಂಗಗಳು ಕಿತ್ತುಕೊಂಡವು ಎನ್ನಬಹುದಿತ್ತು. ಊರಿನವರೇ ಮರೆತರು ಎನ್ನಬಹುದಿತ್ತು, ಪಿಯಾನ್ ಹೆಂಡತಿಯನ್ನು ಸಾಕ್ಷಿ ಕರೆಯಬಹುದಿತ್ತು. ಅವನು ಸಿಲ್ಫಾಳ ಮುಖ ನೋಡಿದ. ಅವಳು ಆಗಲೂ ಕಾಯುತ್ತಿದ್ದಳು, ಅವನು ಏನಾದರೂ ಹೇಳುತ್ತಾನೆ, ಹೇಳಿದರೆ ತಾನು ನಂಬುತ್ತೇನೆ ಎಂಬಂತೆ. ಬೆಟ್ಟಕ್ಕೆ ಹಗ್ಗ ಹಾಕಿದ್ದೇನೆ ಎಂದಾಗಲೂ ಹೀಗೇ ನೋಡಿದ್ದಳು.

ಅವನು ಚೀಲವನ್ನು ತೆಗೆದು ಮುಂದೆ ಸುರಿದ. ಎಲೆಗಳು ಒಣಗಿ ಸುರುಟಿದ್ದವು. ಮೈಕಿನಲ್ಲಿ ಅವು ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

"ಇದರಲ್ಲಿ ಸುಳ್ಳಿದ್ದರೆ," ಎಂದು ರಾಗವಿಲ್ಲದೆ ಹೇಳಿದ, "ಅದು ಹಿಂದೆ ಹೇಳಿದವರದ್ದಲ್ಲ. ನಂದು."

ಸಿಲ್ಫಾ ಬೇಲಿ ಬಿಟ್ಟು ವೇದಿಕೆಯ ಬಳಿಗೆ ಬಂದಳು.

"ಎಲ್ಲಾ ಮನೆಗೂ ಹೋಗಿಲ್ವಾ ಮಾಮಾಕ್?" ಸಿಲ್ಫಾ ಕೇಳಿದಳು.

"ಒಂದು ಮನೆಗೂ ಹೋಗಿಲ್ಲ. ಒಂದು ಬೇಲಿ ತನಕ ಹೋದೆ, ಅಷ್ಟೆ. ಎಮ್ಮೆನೂ ಇಲ್ಲ, ಮುದುಕನೂ ಇಲ್ಲ."

"ಯಾಕೆ?"

ಮಂತಾರಿ ಮೈಕನ್ನು ಪಕ್ಕಕ್ಕೆ ಸರಿಸಿದ. ಆದರೂ ಎಲ್ಲರಿಗೂ ಕೇಳಿಸಿತು.

"ಆ ಬೇಲಿ ಮೇಲೆ ನಿನ್ನ ಹೆಸರಿತ್ತು. ನನ್ನ ಹೆಸರು ಇರ್ತಿದ್ದ ಜಾಗದಲ್ಲಿ. ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ಚಾಪೆ ಖಾಲಿ ಇರ್ಲಿ ಅಂದ್ಕೊಂಡೆ. ವಾಪಸ್ ಹೋಗಿ ಲಪಾವಲ್ಲಿ ಕೂತೆ." ಅವನು ಒಂದು ಒಣ ಎಲೆಯನ್ನು ಬೆರಳಲ್ಲಿ ಪುಡಿ ಮಾಡಿದ. "ತುಟಿ ಸುಟ್ಟಿದ್ದೂ ಸುಳ್ಳು ಕಣಮ್ಮ. ಕಾವಾ ಆರಿ ತಣ್ಣಗಾಗಿತ್ತು. ಉನಿ ಗುಸ್ನಾ ಬೈಕೊಂಡು ಎರಡು ಸಲ ಬಿಸಿ ಮಾಡಿ ಕೊಟ್ಲು."